ದಿಲ್ಲಿಗೆ ಹೋದ ಮಸೂದೆ

ಅದೊಂದು ಸಾದಾ ದಿನ. ನನ್ನ ಗಂಡ ರಾವೂರಿನಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಮಶೀನಿನಿಂದ ಮನೆಗೆ ಬಂದು, ತಲೆಯ ಬಿಳಿ ಧೂಳು ತೊಳೆದುಕೊಂಡು, ರೊಟ್ಟಿ ಪುಂಡಿಪಲ್ಯ ಉಂಡರು. ಕೆಮ್ಮಿದರು. ಪುಪ್ಪುಸ ತೋರಿಸಲು ಸೇಡಂನಿಂದ ಹೈದರಾಬಾದಿನ ಬಸ್ಸು ಹಿಡಿಯುವುದೆಂದು ಮಾತಾಗಿತ್ತು. ಚೀಲದಲ್ಲಿ ಬಟ್ಟೆ ತುಂಬಿಟ್ಟಿದ್ದೆ.

ಮರುದಿನ ಮೊಬೈಲಿನಲ್ಲಿ ಸುದ್ದಿ ಬಂತು. ಕಲ್ಲಿನ ಧೂಳಿನಿಂದ ಎದೆ ಕೆಟ್ಟ ಕೂಲಿಗಾರರಿಗೆ ಮಾಲಕರೇ ಇಲಾಜು ಮಾಡಿಸಬೇಕೆಂಬ ಮಸೂದೆ ಬೆಂಗಳೂರಿನಲ್ಲಿ ಎರಡೂ ಸದನ ದಾಟಿತ್ತು. ನಮ್ಮ ಕಡೆ ಏನು ಗೆದ್ದರೂ ಗುಲಾಲು ಬೇಕು. ಮಶೀನು ನಿಲ್ಲಿಸಿ ಒಬ್ಬರಿಗೊಬ್ಬರು ಬಳಿದರು, ಬೂಂದಿ ಹಂಚಿದರು. ಕಾಯ್ದಾ ಆಗಿಯೇ ಹೋಯಿತೆಂದು ಎಲ್ಲರೂ ತಿಳಿದರು.

"ಬಸ್ಸು ಯಾಕ ಈಗ? ಮಾಲಕನೇ ಕಾರಿನಾಗ ಕರ್ಕೊಂಡು ಹೋಗ್ತಾನ. ಮುಂದಿನ ಸೀಟು ನಂದು," ಎಂದರು ನನ್ನ ಗಂಡ.

"ನಿಮ್ಮ ಕೆಮ್ಮು ಕೇಳಿದ್ರ ಡಿಕ್ಕಿನಾಗ ಹಾಕ್ತಾನ," ಎಂದು ನಾನೂ ನಕ್ಕೆ. ಚೀಲದ ಬಟ್ಟೆ ತೆಗೆದಿಟ್ಟೆ.

ಯಾರೂ ಕರೆದೊಯ್ಯಲಿಲ್ಲ. ತಿಂಗಳುಗಳು ಕಳೆದ ಮೇಲೆ ಚಿತ್ತಾಪುರದ ವಕೀಲರೊಬ್ಬರನ್ನು ಕೇಳಲು ಹೋದೆವು.

"ಸದನ ಒಪ್ಪಿದ್ದು ಬರೇ ಮಸೂದೆ, ಯಜಮಾನ್ರ. ರಾಜ್ಯಪಾಲರು ಅದನ್ನ ರಾಷ್ಟ್ರಪತಿಗೆ ಕಳಿಸ್ಯಾರ. ಅಲ್ಲಿ ಒಪ್ಪಿಗಿ ಸಿಕ್ಕರೇ ಕಾಯ್ದಾ."

"ಒಪ್ಪಲಿಲ್ಲ ಅಂದ್ರ?" ನನ್ನ ಗಂಡ ಕೇಳಿದರು.

"ಒಲ್ಲೆ ಅನ್ನಬಹುದು, ಅಲ್ಲಿಗೆ ಮುಗೀತು. ಇಲ್ಲಾ, ಇನ್ನೊಮ್ಮಿ ವಿಚಾರ ಮಾಡ್ರಿ ಅಂತ ತಿರುಗಿ ಕಳಿಸಬಹುದು. ಸದನ ಮತ್ತ ಪಾಸ್ ಮಾಡಿದ್ರೂ ಅವರು ಒಪ್ಪಲೇಬೇಕಂತ ಏನಿಲ್ಲ. ಏನೂ ಹೇಳದೆ ಹಂಗೇ ಇಟ್ಕೊಂಡು ಕುಂದ್ರಲಿಕ್ಕೂ ಬರ್ತದ. ಈಗ ಹಂಗೇ ಕುಂತದ."

"ಎಷ್ಟು ದಿನ?"

"ಗಡುವಿಲ್ಲ."

"ನಾವು ಒಂದು ಪಾಳಿ ತಪ್ಪಿಸಿದ್ರ ಯಾಕಂತ ಕೇಳ್ತಾರಲ್ರೀ," ಎಂದು ನನ್ನ ಗಂಡ ನಕ್ಕರು. ನಗು ಕೆಮ್ಮಾಯಿತು. ವಕೀಲರು ನೀರು ಕೊಟ್ಟು, ಮೊದಲು ದವಾಖಾನೆಗೆ ಹೋಗ್ರಿ ಎಂದರು. ಇವರು ಕೇಳಲಿಲ್ಲ. ಇವತ್ತಲ್ಲ ನಾಳೆ ಬರುತ್ತದೆ ಎನ್ನುತ್ತಲೇ ಇದ್ದರು. ಕೊನೆಗೆ ಉಸಿರು ಸಿಗದೆ ಕಲಬುರಗಿಗೆ ಒಯ್ದಾಗ, ಡಾಕ್ಟರರು ಮೊದಲೇ ತರಬೇಕಿತ್ತು ಎಂದರು. ಅಲ್ಲೇ ತೀರಿಕೊಂಡರು.

ಬೇಡವೆನ್ನುವ ರಾಷ್ಟ್ರಪತಿಗಳ ಅಧಿಕಾರದ ಮೇಲೆ ನನಗೆ ಸಿಟ್ಟಿಲ್ಲ. ಕೆಟ್ಟ ಮಸೂದೆಗಳೂ ಇರುತ್ತವೆ, ತಡೆಯಲು ಒಬ್ಬರು ಬೇಕು. ನನ್ನ ಸಿಟ್ಟು, ಅವರು ಬೇಡ ಅನ್ನಲೂ ಇಲ್ಲ ಎಂಬುದರ ಮೇಲೆ. ಅಂದಿದ್ದರೆ ಒಂದು ದಿನ ಬೈದಾಡಿ, ಅದೇ ವಾರ ಬಸ್ಸು ಹತ್ತುತ್ತಿದ್ದೆವು. ಆಸೆ ಪೂರ್ತಿ ಸಾಯದಿದ್ದರೆ ಮನುಷ್ಯ ಕೂತಲ್ಲಿಂದ ಏಳುವುದಿಲ್ಲ.

ಈಗ ಅದೇ ಮಶೀನಿನ ಮೇಲೆ ನನ್ನ ಮೈದುನ ಇದ್ದಾನೆ. ಅವನಿಗೂ ಕೆಮ್ಮು ಹತ್ತಿದೆ. ಹೈದರಾಬಾದಿಗೆ ನಡಿ ಎಂದು ದಿನಾ ಹೇಳುತ್ತೇನೆ.

"ಇಷ್ಟು ದಿನ ಕಾದೀವಿ ವೈನಿ, ಇನ್ನೊಂದೀಟು ನೋಡಮು," ಎನ್ನುತ್ತಾನೆ.

ದಿಲ್ಲಿಯಿಂದ ಒಪ್ಪಿಗೆಯೂ ಬಂದಿಲ್ಲ, ಒಲ್ಲೆ ಎಂಬ ಮಾತೂ ಬಂದಿಲ್ಲ.