ಕಾಯೋದೇ ಬೇಡದ ಮೈಕ್ ಸೆಟ್ಟು

ಆಗ ಟ್ರಾನ್ಸಿಸ್ಟರ್ ಅಂದರೆ ನಮ್ಮ ಕಡೆಯ ಜನಕ್ಕೆ ಗೊತ್ತಿದ್ದದ್ದು ಹೆಗಲಿಗೆ ನೇತುಹಾಕಿಕೊಳ್ಳುವ ರೇಡಿಯೋ ಒಂದೇ. ಹಾಗಾಗಿ ಶಿಡ್ಲಘಟ್ಟದ ಹತ್ತಿರ ಒಂದು ಮದುವೆಗೆ ನಾನು ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಮಾರಾಟಕ್ಕೆ ತೋರಿಸಲು ಒಯ್ದಾಗ, ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮುನಿಶಾಮಪ್ಪ ಮೊದಲು ಕೇಳಿದ್ದೇ, "ಇದ್ರಾಗೆ ವಾರ್ತೆ ಬರ್ತೈತಾ ಸಾಮಿ?"

"ಇದು ರೇಡಿಯೋ ಅಲ್ಲಪ್ಪ. ನಿನ್ನ ಸೆಟ್ಟಿನ ಗಾಜಿನ ವಾಲ್ವ್ ಮಾಡೋ ಕೆಲಸ ಇವು ಮಾಡ್ತವೆ" ಅಂತ ಪೆಟ್ಟಿಗೆಯ ಹಿಂಬದಿಯ ಎರಡು ಲೋಹದ ಬಿಲ್ಲೆ ತೋರಿಸಿದೆ. ರೇಷ್ಮೆಗೂಡಿಗಿಂತ ದೊಡ್ಡವೇನಲ್ಲ. ಅವನು ಬಗ್ಗಿ ನೋಡಿದ, ಬೆರಳಲ್ಲಿ ಮುಟ್ಟಿದ, ಒಳಗೆ ಹುಳು ಇದೆಯಾ ಅಂತ ಗೂಡು ಅಲ್ಲಾಡಿಸಿ ನೋಡುವವರ ಹಾಗೆ ಕಿವಿಯನ್ನೂ ಕೊಟ್ಟ. ನಂಬಿಕೆ ಬರಲಿಲ್ಲ.

ಮೈಕು, ಹುಣಸೆಮರಕ್ಕೆ ಕಟ್ಟಿದ್ದ ಹಾರ್ನು, ಬ್ಯಾಟರಿ ಮೂರಕ್ಕೂ ತಂತಿ ಸಿಕ್ಕಿಸಿ ತಾನೇ ಸ್ವಿಚ್ ಹಾಕಿದ. ಒಳಗೆ ಕೆಂಪಗೆ ಏನೂ ಹೊತ್ತಿಕೊಳ್ಳಲಿಲ್ಲ. ಅವನ ಹಳೇ ವಾಲ್ವ್ ಸೆಟ್ಟು ಕಾದು ಬಾಯಿ ಬಿಡುವಷ್ಟರಲ್ಲಿ ಅರ್ಧ ಬೀಡಿ ಮುಗಿಯುತ್ತಿತ್ತು. ಅದೇ ಅಭ್ಯಾಸದಲ್ಲಿ ಮೈಕಿನ ಮುಂದೆಯೇ ಕೂತು ಬೀಡಿ ಹಚ್ಚಿದ.

"ಕಾಯ್ಲಿ ಬಿಡಿ ಸಾಮಿ. ಈ ಹೆಣ್ಣಿನ ಕಡೆಯೋರು ಶ್ಯಾನೆ ಜುಗ್ಗರು. ಬೆಳಗ್ಗೆಯಿಂದ ಒಂದು ಲೋಟ ಕಾಫಿಗೂ ಗತಿಯಿಲ್ಲ."

ಹುಣಸೆಮರದ ಮೇಲಿನ ಹಾರ್ನ್ ಅದನ್ನು ಒಂದಕ್ಷರ ಬಿಡದೆ ಊರಿಗೆಲ್ಲ ಸಾರಿತು. ಓಲಗ ನಿಂತಿತು.

ಮುನಿಶಾಮಪ್ಪನ ಬೀಡಿ ಬಾಯಲ್ಲೇ ಆರಿತು. ನನ್ನ ವ್ಯಾಪಾರವೂ ಆರಿತು ಅಂದುಕೊಂಡೆ. ಅಷ್ಟರಲ್ಲಿ ಹೆಣ್ಣಿನ ತಂದೆಯೇ ಎರಡು ಲೋಟ ಹಿಡಿದು ಬಂದರು. "ತಗೊಳಪ್ಪಾ, ಕಾಫಿ" ಅಂದರು, ಮೈಕಿಗೂ ಕೇಳುವ ಹಾಗೆ.

ಅವನು ಒಂದು ಗುಟುಕು ಕುಡಿದ. ಆಮೇಲೆ ಹೆಗಲ ಮೇಲಿನ ಟವಲ್ ತೆಗೆದು ಮೈಕಿಗೆ ಸುತ್ತಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಸೆಟ್ಟು ಪರವಾಗಿಲ್ಲ ಸಾಮಿ. ಸಕ್ಕರೆ ಸಾಲ್ದು."