ಪೋಸ್ಟರ್ ಸೈಮನ್ನರು ಹುಡುಕಿದ ಮುಖ

ಬಿಜೈಯ ಸೈಮನ್ನರನ್ನು ಊರು ಪೋಸ್ಟರ್ ಸೈಮನ್ ಎಂದೇ ಕರೆಯುತ್ತಿತ್ತು. ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ಹಸಿ ಹಂಚು ಹೊತ್ತ ಮನುಷ್ಯ, ಐವತ್ತರ ಹತ್ತಿರ ಬಂದಾಗ ಗೋಡೆಗಳಿಂದ ಹಳೆಯ ಪೋಸ್ಟರ್ ಬಿಡಿಸತೊಡಗಿದರು. ಟೆಂಟ್ ಸಿನಿಮಾದ್ದು, ಮೈದಾನದ ಸಂಗೀತ ಸಂಜೆಯದ್ದು, ಇಗರ್ಜಿಯ ಅಂಗಳದಲ್ಲಿ ಪರದೆ ಕಟ್ಟಿ ತೋರಿಸಿದ ಚಿತ್ರದ್ದು, ಎಲ್ಲವೂ ಬೇಕು. ಜನ ನಗುತ್ತಿದ್ದರು. ನಗುವ ಯೋಗ್ಯತೆ ಇಲ್ಲದವನು ನಾನೊಬ್ಬನೇ. ಅವರಿಗೆ ಆ ಹುಚ್ಚು ಹಿಡಿಸಿದವನು ನಾನು.

ನನ್ನ ಹೆಸರು ಜಯಪಾಲ. ಹಂಪನಕಟ್ಟೆಯ ಹತ್ತಿರ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ೧೯೫೪ರ ಡಿಸೆಂಬರಿನಲ್ಲಿ ಮೈದಾನದಲ್ಲೊಂದು ಸಂಗೀತ ಸಂಜೆ ಇತ್ತು. ಅದರ ಪೋಸ್ಟರಿನಲ್ಲಿ ದಪ್ಪ ಅಕ್ಷರದ ಹೆಸರು ಲ್ಯಾನ್ಸಿಯದ್ದು. ಸೈಮನ್ನರ ಒಬ್ಬನೇ ಮಗ, ಹತ್ತೊಂಬತ್ತರ ಪ್ರಾಯ. ಏರ್ಪಾಡು ಮಾಡಿದವರಿಗೆ ಹೆಸರಿನ ಮೇಲೊಂದು ಮುಖ ಬೇಕಿತ್ತು, ಹುಡುಗನ ಹತ್ತಿರ ಫೋಟೋ ಇರಲಿಲ್ಲ. ತಲೆಗೆ ಹಚ್ಚುವ ಎಣ್ಣೆಯ ಜಾಹೀರಾತಿಗೆಂದು ಮಾಡಿಸಿದ ಹಳೆಯ ಬ್ಲಾಕೊಂದು, ಚಿತ್ರದ ಲೋಹದಚ್ಚು, ನನ್ನ ಖಾನೆಯಲ್ಲಿ ಬಿದ್ದಿತ್ತು. ಕ್ರಾಪು ಬಾಚಿದ ಯಾವನೋ ಒಬ್ಬ ಚೆಲುವನ ಮುಖ. ಅದನ್ನೇ ಇಟ್ಟು ಮುದ್ರಿಸಿದೆ. ಅಂಥದ್ದನ್ನು ಆಗ ಯಾರೂ ದೊಡ್ಡದು ಮಾಡುತ್ತಿರಲಿಲ್ಲ.

ದೊಡ್ಡದಾದದ್ದು ಸೈಮನ್ನರ ಸಿಟ್ಟು. ಇಗರ್ಜಿಯಲ್ಲಿ ಹಾಡಬೇಕಾದ ಬಾಯಿ ಮೈದಾನದಲ್ಲಿ ಹಾಡುವುದು ಅವರಿಗೆ ಆಗಿಬರಲಿಲ್ಲ. ಮನೆಯೆದುರು ಅಂಟಿಸಿದ್ದ ಪೋಸ್ಟರನ್ನು ಕಣ್ಣೆತ್ತಿಯೂ ನೋಡದೆ ಹರಿದು ಬಚ್ಚಲೊಲೆಗೆ ತುರುಕಿದರು. ಹಾಡಿದ ಮರುವಾರ ಲ್ಯಾನ್ಸಿ ಹೇಳದೆ ಬೊಂಬಾಯಿಯ ಹಡಗು ಹತ್ತಿದ. ಮುಂದಿನ ಮಳೆಗಾಲದಲ್ಲಿ ಅಲ್ಲಿಯೇ ಕಾಮಾಲೆಯಾಗಿ ತೀರಿಕೊಂಡ. ಕಾಗದ ಕೈಸೇರುವಷ್ಟರಲ್ಲಿ ಅವನನ್ನು ಮಣ್ಣು ಮಾಡಿಯೂ ಆಗಿತ್ತು. ಮನೆಯಲ್ಲಿ ಅವನ ಒಂದೇ ಒಂದು ಫೋಟೋ ಇರಲಿಲ್ಲ.

ಸೈಮನ್ನರು ಪ್ರೆಸ್ಸಿಗೆ ಬಂದು ಪೋಸ್ಟರಿನ ಒಂದು ಪ್ರತಿ ಸಿಕ್ಕೀತೇ ಎಂದು ಕೇಳಿದರು. ಮಿಕ್ಕ ಪ್ರತಿಗಳಿಂದ ನಾವು ಯಂತ್ರದ ಮಸಿ ಒರೆಸಿ ಎಸೆದಿದ್ದೆವು. ಇಲ್ಲವೆಂದೆ.

"ಅವನ ಮುಖ ಇತ್ತಾ ಅದರಲ್ಲಿ?"

"ಇತ್ತು. ಚೆಂದ ಬಂದಿತ್ತು."

ಸಮಾಧಾನಕ್ಕೆಂದು ಆಡಿದ ಮಾತು. ಪ್ರತಿಯೇ ಇಲ್ಲದ ಮೇಲೆ ಸುಳ್ಳಿನಿಂದ ನಷ್ಟವೇನು ಎಂದುಕೊಂಡೆ. ಎಂಥ ಮೂರ್ಖ ನಾನು! ಮರುದಿನ ಬೆಳಿಗ್ಗೆಯೇ ಅವರು ಬಿಸಿನೀರಿನ ಚೊಂಬು, ಮೊಂಡು ಚೂರಿ ಹಿಡಿದು ಗೋಡೆಗಳ ಮುಂದೆ ನಿಂತರು. ನಮ್ಮೂರಿನಲ್ಲಿ ಹಳೆಯ ಪೋಸ್ಟರನ್ನು ಕಿತ್ತು ಹೊಸದನ್ನು ಅಂಟಿಸುವ ಪದ್ಧತಿಯಿಲ್ಲ, ಒಂದರ ಮೇಲೊಂದು ಬಳಿಯುತ್ತಾ ಹೋಗುವುದು. ಅಡಿಯಲ್ಲೆಲ್ಲೋ ಮಗ ಇದ್ದಾನೆಂದು ಸೈಮನ್ನರು ನಂಬಿದರು.

ಪೋಸ್ಟರ್ ಅಂಟಿಸುವ ಕೆಲಸ ಕುದ್ರೋಳಿಯ ಮೊಯ್ದೀನಬ್ಬನದ್ದು. ಎಲ್ಲೆಲ್ಲಿ ಹಚ್ಚಿದ್ದೆನೆಂದು ಅವನು ನೆನಪು ಮಾಡಿ ಮಾಡಿ ಹೇಳಿದ. ಆ ಗೋಡೆಗಳನ್ನೆಲ್ಲ ಮಳೆ ತೊಳೆದಿತ್ತು, ಇಲ್ಲವೇ ಯಜಮಾನರು ಸುಣ್ಣ ಹೊಡೆಸಿದ್ದರು. ಸೈಮನ್ನರು ಬಿಡಲಿಲ್ಲ. ಸಿಕ್ಕಿದ ಬೇರೆ ಪೋಸ್ಟರುಗಳನ್ನು ಮನೆಗೆ ತಂದು ಬಟ್ಟೆಯ ಹಗ್ಗಕ್ಕೆ ಹಾಕಿ ಒಣಗಿಸುತ್ತಿದ್ದರು. ಹೆಂಡತಿ ಮಗ್ದಲೀನ್ ಇಸ್ತ್ರಿ ಹಾಕಿ, ಬೇವಿನೆಲೆ ಇಟ್ಟು, ಮಂಚದಡಿ ಜೋಡಿಸುತ್ತಿದ್ದರು. ಬೇಡದ್ದನ್ನು ಯಾಕೆ ಕೂಡಿಡುತ್ತೀರಿ ಎಂದು ಒಮ್ಮೆ ಸೈಮನ್ನರನ್ನು ಕೇಳಿದೆ.

"ಇದರಲ್ಲಿಯೂ ಯಾರದ್ದೋ ಮಕ್ಕಳ ಹೆಸರು ಉಂಟಲ್ಲ ಮಾರಾಯ್ರೆ. ಬಿಸಾಡುವುದು ಹೇಗೆ?" ಎಂದರು.

ಸತ್ಯ ಹೇಳಿಬಿಡಬೇಕೆಂದು ನಾನು ಎಷ್ಟು ಸಲ ಆ ಮನೆಗೆ ಹೋದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಚಾ ಕುಡಿದು ವಾಪಸು ಬಂದೆ. ಧೈರ್ಯದ ಬದಲು ನಾನು ಮಾಡಿದ್ದು ಒಂದು ಕಳ್ಳತನ. ಆ ಮುಖ ಇನ್ನೊಂದು ಪೋಸ್ಟರಿನಲ್ಲಿ ಬಂದು ಅವರ ಕಣ್ಣಿಗೆ ಬೀಳಬಾರದೆಂದು ಬ್ಲಾಕನ್ನು ಪ್ರೆಸ್ಸಿನಿಂದ ಕದ್ದು ಮನೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಪೋಸ್ಟರ್ ಎಂದಿಗೂ ಸಿಗದಿರಲಿ ಎಂದು ದೇವರಿಗೆ ಕೈಮುಗಿದೆ.

ಅದು ಸಿಕ್ಕಿತು. ೧೯೬೩ರ ಮಳೆಗೆ ಬಂದರಿನ ಗೋದಾಮೊಂದರ ಗೋಡೆಯಿಂದ ತುಕ್ಕು ಹಿಡಿದ ತಗಡಿನ ಜಾಹೀರಾತು ಕಳಚಿ ಬಿತ್ತು. ಒಂಬತ್ತು ವರ್ಷದ ಹಿಂದೆ ಪೋಸ್ಟರ್ ಹಚ್ಚಿದ ವಾರವೇ ಯಾರೋ ಅದರ ಮೇಲೆ ಆ ತಗಡು ಹೊಡೆದಿದ್ದರಂತೆ. ಮೊಯ್ದೀನಬ್ಬ ಓಡಿ ಹೋಗಿ ಸುದ್ದಿ ಮುಟ್ಟಿಸಿದ. ಸಂಜೆ ಸೈಮನ್ನರು ನನಗೆ ಹೇಳಿಕಳಿಸಿದರು.

ಕಾಲು ಹಿಡಿದು ಒಪ್ಪಿಕೊಳ್ಳುವುದೆಂದು ನಿಶ್ಚಯಿಸಿಯೇ ಹೋದೆ. ಪೋಸ್ಟರ್ ಆಗಲೇ ಮನೆಯ ದೇವರ ಪೀಠದ, ಅಲ್ತಾರಿನ, ಪಕ್ಕದ ಗೋಡೆಯಲ್ಲಿತ್ತು. ಒಂದು ಮೂಲೆ ಹರಿದಿತ್ತು, ಎಣ್ಣೆ ಜಾಹೀರಾತಿನವನ ಮುಖ ಮಾತ್ರ ನೆಟ್ಟಗಿತ್ತು. ಸೈಮನ್ನರು ನನ್ನ ಕೈ ಹಿಡಿದುಕೊಂಡರು.

"ನೋಡಿ, ಇವನೇ. ಮುಖ ನನಗೆ ಮರೆತೇ ಹೋಗಿತ್ತು ಜಯಪಾಲರೇ, ಯಾರ ಹತ್ತಿರವೂ ಹೇಳಿರಲಿಲ್ಲ. ಈಗ ನೆನಪಾಯಿತು."

ಮುಖ ಪೋಸ್ಟರಿನಲ್ಲಿದೆ ಎಂಬ ಭರವಸೆಯಲ್ಲಿ ಅವರು ತಾವಾಗಿ ನೆನಪಿಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ನನ್ನ ಒಂದು ಮಾತು ಸತ್ತ ಮಗನನ್ನು ಅವರ ಕಣ್ಣೊಳಗಿಂದಲೂ ಅಳಿಸಿಹಾಕಿತ್ತು.

ಮಗ್ದಲೀನ್ ಅಡುಗೆಮನೆಯಿಂದ ಕೈ ಒರೆಸುತ್ತಾ ಬಂದರು. ಪೋಸ್ಟರಿನ ಮುಂದೆ ಬಹಳ ಹೊತ್ತು ನಿಂತು ನೋಡಿದರು. ಗಂಡ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಹೌದು, ನಮ್ಮ ಲ್ಯಾನ್ಸಿಯೇ," ಎಂದರು.

ನನ್ನನ್ನು ಕಳಿಸಲು ಗೇಟಿನ ತನಕ ಮಗ್ದಲೀನರೇ ಬಂದರು. ಅಗುಳಿ ತೆಗೆಯುತ್ತಾ ತಗ್ಗಿದ ದನಿಯಲ್ಲಿ ಕೇಳಿದರು.

"ಯಾರದ್ದು ಆ ಮುಖ?"

ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ, ಬೈಯಲಿಲ್ಲ.

"ನನಗೆ ಅವನ ಮುಖ ನೆನಪುಂಟು. ಅವರಿಗೆ ಇದು ಇರಲಿ," ಎಂದು ಒಳಗೆ ಹೋದರು.

ಸಂಜೆ ಜಪಮಾಲೆ ಹಿಡಿದು ತೇರ್ಸು ಹೇಳುವ ಹೊತ್ತಾಗಿತ್ತು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ಮಗ್ದಲೀನ್ ಆ ಎಣ್ಣೆಯವನ ಮುಂದೆ ಮೇಣದ ಬತ್ತಿ ಹಚ್ಚಿಟ್ಟು, ಗಂಡನ ಪಕ್ಕದಲ್ಲಿ ಮೊಣಕಾಲೂರಿ, ಮಗನ ಹೆಸರು ಹೇಳಿ ಪ್ರಾರ್ಥನೆ ಸುರು ಮಾಡಿದರು.