ಎರಡನೆಯವರಿಗೆ ಹೇಳುವುದು

ಆ ಶನಿವಾರ ಮಾಡಿದ ಕೆಲಸಗಳು: ನಳಕ್ಕೆ ನೀರು ಬಿಟ್ಟಿದ್ದರು, ಟಾಕಿ, ಕೊಡ, ಬಕೆಟ್ಟು, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಶೇಂಗಾ ಹುರಿದು ಸಿಪ್ಪೆ ಕೇರಿದೆ. ಮಗಳ ಸಮವಸ್ತ್ರದ ಗುಂಡಿ ಹಚ್ಚಿದೆ. ತಮ್ಮ ಬರುವವನಿದ್ದುದರಿಂದ ಹಿಟ್ಟು ಹೆಚ್ಚೇ ನಾದಿದೆ.

ತಮ್ಮ ಮುಂಡರಗಿಯಿಂದ ಗದಗಿನ ಮಾರುಕಟ್ಟೆಗೆ ಉಳ್ಳಾಗಡ್ಡಿ ತಂದ ದಿನ ಊಟ ಬೆಟಗೇರಿಯ ನಮ್ಮ ಮನೆಯಲ್ಲೇ. ಅವನಿಗೆ ಮೂವತ್ತು ದಾಟಿದೆ, ಇನ್ನೂ ಕನ್ಯೆ ಸಿಕ್ಕಿಲ್ಲ. ನಮ್ಮ ಕಡೆ ಸೋದರಮಾವ ಅಕ್ಕನ ಮಗಳನ್ನು ‘ನನ್ನ ಹೇಣ್ತಿ’ ಎಂದು ಕಾಡಿಸುವುದು ಹೊಸದಲ್ಲ. ಚಿಕ್ಕಂದಿನಲ್ಲಿ ನನ್ನನ್ನೂ ನನ್ನ ಸೋದರಮಾವ ಹಾಗೇ ಕರೆಯುತ್ತಿದ್ದ. ನಾನು ಸಿಟ್ಟಿನಿಂದ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದೆ, ಮನೆಮಂದಿ ನಗುತ್ತಿದ್ದರು. ಅಷ್ಟೇ ಅದರ ಕಥೆ ಎಂದುಕೊಂಡಿದ್ದೆ.

ಆ ವರ್ಷ ಮಗಳ ನಾಲ್ಕನೇ ತರಗತಿಗೆ ಹೊಸ ಟೀಚರು ಬಂದಿದ್ದರು. ಶನಿವಾರ ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಮನಸ್ಸಿನ ಪಾಠ ಮಾಡುತ್ತಿದ್ದರು. ಸಿಟ್ಟು ಬಂದರೆ ಏನು ಮಾಡಬೇಕು, ಗೆಳತಿ ಮಾತು ಬಿಟ್ಟರೆ ಏನು ಮಾಡಬೇಕು ಇತ್ಯಾದಿ. ಅಲ್ಲಿಯವರೆಗೆ ನನ್ನ ತಕರಾರಿರಲಿಲ್ಲ. ಹಿಂದಿನ ವಾರ ಮಗಳು ಮನೆಗೆ ಬಂದವಳೇ ಅಂಗೈ ಮುಂದೆ ಚಾಚಿ ತೋರಿಸಿದಳು.

“ಯಾರರ ನಮಗ ಸೇರದಂಗ ಮಾತಾಡಿದ್ರ, ಮುಟ್ಟಿದ್ರ, ಹಿಂಗ ಕೈ ಮಾಡಿ ಬ್ಯಾಡ ಅನ್ನಬೇಕಂತ. ಆಮ್ಯಾಲೆ ದೊಡ್ಡವ್ರಿಗೆ ಹೇಳಬೇಕಂತ. ಅವ್ರು ನಂಬಲಿಲ್ಲಂದ್ರ ಎರಡನೇದವ್ರಿಗೆ.”

“ಎರಡನೇದವ್ರು ಅಂದ್ರ ಯಾರು? ನಿಮ್ಮ ಟೀಚರಾ?”

“ಯಾರರ.”

ಆ ‘ಯಾರರ’ ನನಗೆ ಸರಿಬೀಳಲಿಲ್ಲ. ಮನೆಯ ಮಾತು ಹೊರಗೆ ಹೋಗಲಿಕ್ಕೆ ಯಾರೋ ಕಿಂಡಿ ಕೊರೆದಂತೆ ಅನಿಸಿತು.

“ಟೀಚರು ಮನಿ ಸುದ್ದಿ ಏನರ ಕೇಳಿದ್ರೇನ? ಮಾಮಾ ಏನಂತಾನ ಅಂತ ಕೇಳಿದ್ರೇನ?”

“ಮಾಮಾನ ಸುದ್ದಿ ನಾ ಎಲ್ಲಿ ತಗದೆ?” ಎಂದಳು ಮಗಳು.

ಹೌದಲ್ಲ. ತೆಗೆದವಳು ನಾನೇ. ಯಾಕೆ ತೆಗೆದೆ ಎಂಬುದು ವಾರವೆಲ್ಲ ಬಿಸಿಲಿಗೆ ಹಾಕಿದ ಬಟ್ಟೆ ಮಡಚುವಾಗಲೂ ತಲೆಯಲ್ಲಿತ್ತು.

ಆ ಶನಿವಾರ ಮಧ್ಯಾಹ್ನ ತಮ್ಮ ಬಂದ. ಚಪ್ಪಲಿ ಬಿಡುತ್ತಲೇ, “ಏ ನನ್ನ ಹೇಣ್ತಿ, ಗಂಡ ಬಂದಾನ, ನೀರು ತಾ ಜಲ್ದಿ” ಎಂದ.

ಮಗಳು ಪಡಸಾಲೆಯ ನಡುವೆ ನಿಂತು ಕೈ ಚಾಚಿದಳು. “ಮಾಮಾ, ಹಂಗ ಅನಬ್ಯಾಡ. ನನಗ ಸೇರೂದಿಲ್ಲ.”

“ಅಬಾಬಾ! ಅಕ್ಕಾ, ಇಲ್ನೋಡು, ಪೊಲೀಸ ಆಗ್ಯಾಳ, ಗಾಡಿ ನಿಂದ್ರಸಾಕತ್ತಾಳ!”

ನನಗೂ ನಗು ಬಂದುಬಿಟ್ಟಿತು. ಮಗಳು ನನ್ನ ಕಡೆ ನೋಡುತ್ತ ನಿಂತಿದ್ದಳು. “ಚಾಷ್ಟಿ ಮಾಡ್ತಾನವಾ, ಹೋಗು, ನೀರು ಕೊಡು” ಎಂದೆ.

ಅವಳು ನೀರಿಗೆ ಹೋಗಲಿಲ್ಲ. ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದ ನನ್ನ ಅತ್ತೆಯ ಮುಂದೆ ಹೋಗಿ ನಿಂತಳು. “ಅಜ್ಜಿ, ಅವ್ವನ ಮುಂದ ಹೇಳಿದ್ದಾತು. ಅಕಿ ನಕ್ಕಳು. ಅದಕ ಈಗ ನಿನಗ ಹೇಳಾಕತ್ತೀನಿ.”

ನನ್ನ ತವರಿನ ಹುಳುಕು ಹುಡುಕುವುದರಲ್ಲಿ ಅತ್ತೆ ಎಂದೂ ಹಿಂದೆ ಬಿದ್ದವರಲ್ಲ. ಕೈ ನಿಲ್ಲಿಸದೆಯೇ ತಮ್ಮನನ್ನು ಕೇಳಿದರು: “ಏನಪಾ, ಖರೇನ ಚಾಷ್ಟಿನೋ, ಇಲ್ಲಾ ನಿಮ್ಮ ಮನ್ಯಾಗ ಮಾತೇನರ ನಡದೈತೋ?”

“ಛೇ, ಚಾಷ್ಟಿರೀ” ಎಂದ ತಮ್ಮ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, “ಅವ್ವ ಒಮ್ಮೊಮ್ಮೆ ಅಂತಿರ್ತಾಳ, ಹುಡುಗಿ ದೊಡ್ಡಾಕಿ ಆಗಾಕ ಎಂಟ್ಹತ್ತು ವರ್ಷ ಎಲ್ಲಿ ಹೋದಾವು ಅಂತ. ನಾ ಏನು ಹೂಂ ಅಂದಿಲ್ರೀ.”

“ಬ್ಯಾಡ ಅಂದೀಯೇನು?”

ನನಗೆ ನೆನಪಾಯಿತು. ದೀಪಾವಳಿಗೆ ತವರಿಗೆ ಹೋದಾಗ ಅವ್ವ ಮಗಳನ್ನು ತನ್ನ ಪಕ್ಕ ನಿಲ್ಲಿಸಿಕೊಂಡು, ತಲೆಯ ಮೇಲಿಂದ ಕೈ ಆಡಿಸಿ, “ಭುಜದ ಮಟ ಬಂದ್ಲಲ್ಲ” ಎಂದು ತಮ್ಮನ ಕಡೆ ನೋಡಿದ್ದಳು. ಆಗ ಅದನ್ನು ಅಕ್ಕರೆ ಎಂದುಕೊಂಡಿದ್ದೆ.

“ಇನ್ನ ಮ್ಯಾಲೆ ಅಕಿನ್ನ ಹೆಸರು ಹಿಡದು ಕರಿ” ಎಂದೆ. “ಅವ್ವಗೂ ಹೇಳು, ಆ ಮಾತು ಅಲ್ಲೇ ಬಿಡು ಅಂತ. ಹುಡುಗಿ ಸಾಲಿ ಕಲಿಯಾಕತ್ತಾಳ.”

“ಆ ಟೀಚರು ನಿನ್ನ ತಲೀನೂ ತುಂಬ್ಯಾಳೇನಕ್ಕ?”

“ಆಕಿನ್ನ ನಾ ಇನ್ನೂ ನೋಡೇ ಇಲ್ಲ.”

ಊಟ ಮಾಡಿ ಹೋಗೆಂದರೂ ನಿಲ್ಲಲಿಲ್ಲ. ಹಸಿವಿಲ್ಲ ಎಂದು ಚಪ್ಪಲಿ ಮೆಟ್ಟಿದ. ನಮ್ಮ ಮನೆಯಿಂದ ಉಣ್ಣದೆ ಹೋದದ್ದು ಅದೇ ಮೊದಲು. ಅತ್ತೆ ಬತ್ತಿ ಹೊಸೆಯುತ್ತಲೇ ಇದ್ದರು. ಮುಂದೆ ಯಾವ ಜಗಳದಲ್ಲಿ ಎತ್ತಿ ಆಡಲಿಕ್ಕೆ ಇದನ್ನು ತೆಗೆದಿಟ್ಟುಕೊಂಡರೋ, ನನಗೆ ಅದೂ ಅನುಮಾನವೇ. ಮಗಳಿಗೆ, “ನಕ್ಕಿದ್ದು ತಪ್ಪಾತವಾ” ಎಂದೆ. “ಹೂಂ” ಎಂದಳು.

ರಾತ್ರಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಗಂಡ ಎರಡು ಸಲ ಎಣ್ಣೆಗಾಯಿ ಹಾಕಿಸಿಕೊಂಡರು, ಯಾಕೆ ಇಷ್ಟು ಉಳಿಯಿತೆಂದು ಕೇಳಲಿಲ್ಲ. ಮೊದಲು ಮಲಗಿದ್ದು ಮಗಳು. ದಿನಾ ನನ್ನ ಮಗ್ಗುಲಲ್ಲಿ ಹಾಸುವ ಕೌದಿಯನ್ನು ಎಳೆದುಕೊಂಡು ಹೋಗಿ, ಅಜ್ಜಿಯ ಪಕ್ಕದಲ್ಲಿ.